ನೆಚ್ಚಿನ ಹಾಡು, ಮನೆ ಸುದ್ದಿ: ಯಾರಿಗೆ ಯಾವ ದಾರಿಯಲ್ಲಿ ಕಳಿಸಬೇಕು?

ಹೋದ ಮಳೆಗಾಲದ ಒಂದು ಬೆಳಗ್ಗೆ ಆಟೋದಲ್ಲಿ ಆಫೀಸಿಗೆ ಹೋಗುತ್ತಿದ್ದೆ. ರೇಡಿಯೋದಲ್ಲಿ ಹಳೆಯ ಭಾವಗೀತೆಯೊಂದು ಬಂತು. ಚಿಕ್ಕವಳಿದ್ದಾಗ ನಮ್ಮ ಮನೆಯ ಟೇಪ್ ರೆಕಾರ್ಡರ್‌ನಲ್ಲಿ ದಿನಾ ಕೇಳುತ್ತಿದ್ದ ಹಾಡು. ಕೂಡಲೇ ಹುಡುಕಿ ಮೂವರಿಗೆ ಲಿಂಕ್ ಕಳಿಸಿದೆ. ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ಅಮ್ಮನಿಗೆ, ದುಬೈನಲ್ಲಿರುವ ತಂಗಿಗೆ, ಹಾಸ್ಟೆಲ್ ದಿನಗಳ ಗೆಳತಿಗೆ. ಗೆಳತಿ ಕ್ಯಾಲಿಫೋರ್ನಿಯಾದಲ್ಲಿ ಬೆಳಗಾಗುತ್ತಿದ್ದಂತೆ ಕೇಳಿ ನಾಲ್ಕು ಸಾಲು ಬರೆದಳು. ತಂಗಿ ಒಂದು ಕೆಂಪು ಹೃದಯ ಒತ್ತಿ ಸುಮ್ಮನಾದಳು. ಅಮ್ಮ ಎರಡು ದಿನ ಬಿಟ್ಟು ಫೋನ್ ಮಾಡಿದಾಗ ಕೇಳಿದರು, "ಅದೇನೋ ನೀಲಿ ಅಕ್ಷರದ್ದು ಕಳಿಸಿದ್ದೆಯಲ್ಲ, ಏನದು?"

ಒಂದೇ ಹಾಡು, ಒಂದೇ ದಿನ. ಮುಟ್ಟಿದ್ದು ಒಬ್ಬರಿಗೆ ಮಾತ್ರ. ಅಲ್ಲಿಂದೀಚೆಗೆ ನಾನು ಒಬ್ಬೊಬ್ಬರಿಗೂ ಬೇರೆ ಬೇರೆ ದಾರಿ ಹಿಡಿದು ನೋಡುತ್ತಿದ್ದೇನೆ. ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಆ ಕಡೆ ಇರುವವರು ಫೋನನ್ನು ಯಾವಾಗ ಕೈಗೆ ತೆಗೆದುಕೊಳ್ಳುತ್ತಾರೆ, ಎಲ್ಲಿ ಕೂತು ಕೇಳುತ್ತಾರೆ, ನೆಟ್‌ವರ್ಕ್ ಎಷ್ಟಿದೆ ಎಂದು ನೋಡಿದರೆ ಮಾತ್ರ ಸಿಗುತ್ತದೆ.

ಸ್ಟೇಟಸ್ ಹಾಕುವುದಾ, ನೇರವಾಗಿ ಕಳಿಸುವುದಾ?

ಜಾಸ್ತಿ ಜನ ಮೊದಲು ಹೋಗುವುದು ವಾಟ್ಸಾಪ್ ಸ್ಟೇಟಸ್‌ಗೆ. 24 ಗಂಟೆ ಇರುತ್ತದೆ, ಆಮೇಲೆ ತಾನಾಗಿ ಹೋಗುತ್ತದೆ. 2025ರಿಂದ ಫೋಟೋ ಜೊತೆ ಹಾಡಿನ ತುಣುಕನ್ನೂ ಸೇರಿಸಬಹುದು. ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ ಈ ಸೌಕರ್ಯ ಮೊದಲಿಂದಲೇ ಇತ್ತು. ಇಬ್ಬರೂ ಒಬ್ಬರ ನಂಬರನ್ನು ಇನ್ನೊಬ್ಬರು ಸೇವ್ ಮಾಡಿಕೊಂಡಿದ್ದರೆ ಮಾತ್ರ ವಾಟ್ಸಾಪ್ ಸ್ಟೇಟಸ್ ಕಾಣುತ್ತದೆ. ಯಾರಿಗೆ ಕಾಣಬಾರದು ಎಂದು ಆರಿಸುವುದಕ್ಕೂ ದಾರಿ ಇದೆ.

ಸ್ಟೇಟಸ್‌ನ ದೊಡ್ಡ ಗುಣ ಅಂದರೆ ಯಾರಿಗೂ ಉತ್ತರ ಕೊಡುವ ಭಾರವಿಲ್ಲ. ಮಾವಿನ ಮರ ಹೂ ಬಿಟ್ಟದ್ದು, ನವರಾತ್ರಿಯ ಗೊಂಬೆ ಕೂರಿಸಿದ್ದು, ಬಸ್ಸಿನ ಕಿಟಕಿಯ ಮಳೆ, ಜೊತೆಗೆ ಆ ಹೊತ್ತಿನ ಹಾಡಿನ ಒಂದು ತುಣುಕು. ಇದಕ್ಕೆ ಸ್ಟೇಟಸ್ಸೇ ಸರಿ. ವರ್ಷಗಟ್ಟಲೆ ಮಾತಾಡದ ಹಳೇ ಸಹಪಾಠಿಯೊಬ್ಬಳು ನನ್ನ ಸ್ಟೇಟಸ್‌ನ ಹಾಡು ಕೇಳಿ, "ಇದನ್ನು ನಾವು ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಹಾಡಿದ್ದೆವು, ನೆನಪಿದೆಯಾ?" ಎಂದು ಬರೆದಿದ್ದಳು. ಅವಳಿಗೆ ನೇರವಾಗಿ ಕಳಿಸುವ ಯೋಚನೆಯೇ ನನಗೆ ಬರುತ್ತಿರಲಿಲ್ಲ.

ಆದರೆ ದೊಡ್ಡ ಸುದ್ದಿಯನ್ನು ಸ್ಟೇಟಸ್‌ಗೆ ಮೊದಲು ಹಾಕಬೇಡಿ. ಕೆಲಸ ಬದಲಾಗಿದ್ದು, ಮನೆ ಕೊಂಡಿದ್ದು, ಮದುವೆ ನಿಕ್ಕಿಯಾಗಿದ್ದು, ಆಸ್ಪತ್ರೆ ವಿಷಯ. ನಮ್ಮ ಕಡೆ ಸುದ್ದಿ ಹೇಳುವುದಕ್ಕೂ ಒಂದು ಕ್ರಮ ಇದೆ. ಮೊದಲು ಹಿರಿಯರಿಗೆ ಫೋನು, ಆಮೇಲೆ ಉಳಿದವರಿಗೆ. ನಮ್ಮ ದೊಡ್ಡಪ್ಪನಿಗೆ ಗೃಹಪ್ರವೇಶದ ದಿನಾಂಕ ಗೊತ್ತಾಗಿದ್ದು ಬೇರೆ ಯಾರದೋ ಸ್ಟೇಟಸ್‌ನಿಂದ. ಅವರು ಬಂದರು, ಊಟ ಮಾಡಿದರು, ಆದರೆ ಆ ಬೇಸರ ಇವತ್ತಿಗೂ ಪೂರ್ತಿ ಹೋಗಿಲ್ಲ. ಎರಡು ನಿಮಿಷದ ಫೋನಿಗೆ ತಪ್ಪುತ್ತಿತ್ತು.

ಹಾಡಿಗೆ: ಯೂಟ್ಯೂಬ್, ಸ್ಪಾಟಿಫೈ, ಅಥವಾ ಫೈಲ್

ಒಂದೇ ಮಾತಿನಲ್ಲಿ ಹೇಳಬೇಕಾದರೆ, ಯಾರು ಯಾವ ಆ್ಯಪ್ ಬಳಸುತ್ತಾರೆ ಎಂದು ಗೊತ್ತಿಲ್ಲದಾಗ ಯೂಟ್ಯೂಬ್ ಲಿಂಕ್ ಕಳಿಸಿ. ಲಾಗಿನ್ ಕೇಳುವುದಿಲ್ಲ. ಮನೆಯ ಟೀವಿಯಲ್ಲೂ ಹಾಕಬಹುದು. ನಡುವೆ ಜಾಹೀರಾತು ಬರುತ್ತದೆ. ದುಡ್ಡು ಕಟ್ಟದಿದ್ದರೆ ಫೋನಿನ ಪರದೆ ಆರಿದ ಕೂಡಲೇ ಹಾಡೂ ನಿಲ್ಲುತ್ತದೆ. ಅಡುಗೆ ಮಾಡುತ್ತಾ ಕೇಳುವವರಿಗೆ ಇದು ನಿಜವಾಗಿಯೂ ಕಿರಿಕಿರಿ.

ಕನ್ನಡದ ಮಟ್ಟಿಗೆ ಯೂಟ್ಯೂಬ್ ಮುಂದಿರುವುದಕ್ಕೆ ಬೇರೆಯೇ ಕಾರಣ ಇದೆ. ಸಿನಿಮಾ ಹಾಡು ಎಲ್ಲಾ ಕಡೆ ಸಿಗುತ್ತದೆ. ಆದರೆ ಹಳೆಯ ಸುಗಮ ಸಂಗೀತದ ಕ್ಯಾಸೆಟ್, ಯಾವುದೋ ಊರಿನ ಜಾತ್ರೆಯಲ್ಲಿ ಹಾಡಿದ ತತ್ವಪದ, ಇಡೀ ರಾತ್ರಿಯ ಯಕ್ಷಗಾನ, ಇವೆಲ್ಲ ಯಾರೋ ಪ್ರೀತಿಯಿಂದ ಅಪ್‌ಲೋಡ್ ಮಾಡಿದ್ದರಿಂದ ಅಲ್ಲಿ ಉಳಿದಿವೆ. ಅದೂ ಅಲ್ಲದೆ ಭಾವಗೀತೆ ಅಂದಮೇಲೆ ಒಂದೇ ಕವಿತೆಗೆ ಇಬ್ಬರು ಮೂವರು ರಾಗ ಹಾಕಿರುತ್ತಾರೆ. ಒಬ್ಬರು ಕಾಳಿಂಗರಾಯರ ಧಾಟಿ ಕೇಳಿ ಬೆಳೆದಿರುತ್ತಾರೆ, ಇನ್ನೊಬ್ಬರಿಗೆ ಮೈಸೂರು ಅನಂತಸ್ವಾಮಿ, ಮತ್ತೊಬ್ಬರಿಗೆ ಅಶ್ವತ್ಥ್. ಹಾಡಿನ ಹೆಸರು ಮಾತ್ರ ಹೇಳಿ "ಕೇಳು" ಅಂದರೆ ಅವರು ಬೇರೆಯದನ್ನೇ ಕೇಳಿರುತ್ತಾರೆ. ಹಾಗಾಗಿ ನಿಮ್ಮ ಕಿವಿಯಲ್ಲಿರುವ ಅದೇ ಧ್ವನಿಮುದ್ರಣದ ಲಿಂಕ್ ಕಳಿಸಿ. ಹುಡುಕುವಾಗ ರೀಮಿಕ್ಸ್, ಕರೋಕೆ, ನಿಧಾನಗೊಳಿಸಿದ ಆವೃತ್ತಿ ಎಲ್ಲ ಮೊದಲು ಬರುತ್ತವೆ. ಕಳಿಸುವ ಮುಂಚೆ ಹತ್ತು ಸೆಕೆಂಡ್ ಕೇಳಿ ನೋಡುವುದು ಒಳ್ಳೆಯದು.

ಮೂರು ಗಂಟೆಯ ಪ್ರಸಂಗದಲ್ಲಿ ಒಂದೇ ಪದ ಕೇಳಿಸಬೇಕಾದರೆ ಕಂಪ್ಯೂಟರ್‌ನಲ್ಲಿ ವಿಡಿಯೋದ ಶೇರ್ ಒತ್ತಿ. ಇಂಥ ಸಮಯದಿಂದ ಶುರು ಎನ್ನುವ ಚೌಕಕ್ಕೆ ಗುರುತು ಹಾಕಿದರೆ ಲಿಂಕ್ ಅಲ್ಲಿಗೇ ತೆರೆಯುತ್ತದೆ. ಅದು ಕಷ್ಟ ಅನಿಸಿದರೆ "1 ಗಂಟೆ 12ನೇ ನಿಮಿಷದಿಂದ ಕೇಳು" ಎಂದು ಬರೆದರೂ ಸಾಕು.

ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರ ಫೆಬ್ರವರಿಯಲ್ಲಿ. ಅದರ ನಿಜವಾದ ಲಾಭ ಇರುವುದು ಗೆಳೆಯರ ನಡುವೆ. ಒಂದೇ ಪಟ್ಟಿಗೆ ಎಲ್ಲರೂ ಹಾಡು ಸೇರಿಸಬಹುದು, ಯಾವ ಹಾಡು ಯಾರು ಹಾಕಿದ್ದು ಎಂದೂ ಕಾಣುತ್ತದೆ. ಬ್ಲೆಂಡ್ ಎನ್ನುವುದರಲ್ಲಿ 10 ಜನರವರೆಗೆ ಎಲ್ಲರ ರುಚಿ ಸೇರಿಸಿ ಅದೇ ಒಂದು ಪಟ್ಟಿ ಮಾಡಿಕೊಡುತ್ತದೆ. ಜ್ಯಾಮ್ ಎನ್ನುವುದರಲ್ಲಿ ಒಟ್ಟಿಗೆ ಒಂದೇ ಹಾಡು ಕೇಳಬಹುದು, ಆದರೆ ಬೇರೆ ಬೇರೆ ಊರಲ್ಲಿದ್ದು ಸೇರಲು ಪ್ರೀಮಿಯಂ, ಅಂದರೆ ದುಡ್ಡು ಕಟ್ಟಿದ ಖಾತೆ, ಬೇಕು.

ನಾವು ಹಾಸ್ಟೆಲ್‌ನ ಐದು ಜನ ಇಂಥದ್ದೊಂದು ಪಟ್ಟಿ ಇಟ್ಟಿದ್ದೇವೆ. ಬ್ಲೆಂಡ್ ನಮಗೆ ಹಿಡಿಸಲಿಲ್ಲ. ಯಂತ್ರ ಆರಿಸಿದ ಹಾಡಿನಲ್ಲಿ ಗೆಳತಿ ಕಾಣುವುದಿಲ್ಲ. ಕೈಯಾರೆ ಮಾಡಿದ ಪಟ್ಟಿಯಲ್ಲಿ ಕಾಣುತ್ತಾಳೆ. ವಾರಕ್ಕೆ ಒಬ್ಬರು ಒಂದೇ ಹಾಡು ಹಾಕಬೇಕು, ಜೊತೆಗೆ ಗ್ರೂಪಿನಲ್ಲಿ ಯಾಕೆ ಈ ಹಾಡು ಎಂದು ಎರಡು ಸಾಲು ಬರೆಯಬೇಕು. ಇಷ್ಟೇ ನಿಯಮ. ಹೋದ ತಿಂಗಳು ಒಬ್ಬಳು ಒಂದು ಜೋಗುಳ ಹಾಕಿ, "ಮೂರು ರಾತ್ರಿಯಿಂದ ಮಗು ನಿದ್ದೆ ಮಾಡಿಲ್ಲ, ಇದಕ್ಕೆ ಮಲಗಿತು" ಎಂದು ಬರೆದಿದ್ದಳು. ಹಾಡೂ ಸುದ್ದಿಯೂ ಒಟ್ಟಿಗೆ ಬಂತು. ಆ ಎರಡು ಸಾಲು ಇಲ್ಲದಿದ್ದರೆ ನಾವು ಅದನ್ನು ದಾಟಿಸಿ ಮುಂದಿನ ಹಾಡಿಗೆ ಹೋಗುತ್ತಿದ್ದೆವು, ಅಲ್ವಾ?

ಐದು ಜನ ನಾಲ್ಕು ಆ್ಯಪ್ ಬಳಸುತ್ತಿದ್ದರೆ ಯೂಟ್ಯೂಬ್‌ನಲ್ಲೇ ಪ್ಲೇಲಿಸ್ಟ್ ಮಾಡಿ. ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ ಇಟ್ಟು, ಬೇರೆಯವರೂ ಸೇರಿಸುವಂತೆ ಬಿಡಬಹುದು. ನೋಡಲು ಅಷ್ಟು ಚೆಂದ ಇಲ್ಲ, ಆದರೆ ಯಾರೂ ಹೊರಗುಳಿಯುವುದಿಲ್ಲ.

ಪಟ್ಟಿ ಎಲ್ಲೇ ಇರಲಿ, ಆರು ತಿಂಗಳಿಗೊಮ್ಮೆ ಅದರ ಹಾಡುಗಳನ್ನು ಸುಮ್ನೆ ಒಂದು ಕಡೆ ಬರೆದಿಡಿ. ಹಾಡಿನ ಮೊದಲ ಸಾಲು, ಸಿನಿಮಾ ಅಥವಾ ಕವಿ, ಹಾಡಿದವರು. ಆ್ಯಪ್‌ಗಳು ಶಾಶ್ವತವಲ್ಲ. 2022ರಲ್ಲಿ ಗಾನಾ ಉಚಿತ ಸೇವೆ ನಿಲ್ಲಿಸಿತು. 2024ರಲ್ಲಿ ವಿಂಕ್ ಮ್ಯೂಸಿಕ್ ಬಾಗಿಲು ಹಾಕುವುದಾಗಿ ಏರ್‌ಟೆಲ್ ಹೇಳಿತು. ಬರೆದಿಟ್ಟ ಪಟ್ಟಿ ಇದ್ದರೆ ಎಲ್ಲಿ ಬೇಕಾದರೂ ಮತ್ತೆ ಕಟ್ಟಿಕೊಳ್ಳಬಹುದು.

ಫೈಲ್ ಕಳಿಸಬೇಕಾದದ್ದು ಇದನ್ನು

ಮುದ್ರಿತ ಹಾಡುಗಳ ಎಂಪಿತ್ರೀ ಹಂಚುವುದನ್ನು ನಾನು ಬಿಟ್ಟಿದ್ದೇನೆ. ಅದು ಹಾಡಿದವರ, ಬರೆದವರ ದುಡಿಮೆ. ಆದರೆ ಮನೆಯವರ ಸ್ವಂತ ದನಿ ಇದೆಯಲ್ಲ, ಅದನ್ನು ಫೈಲ್ ಆಗಿಯೇ ಕಳಿಸಬೇಕು, ಫೈಲ್ ಆಗಿಯೇ ಉಳಿಸಬೇಕು.

ಹಸೆ ಹಾಡು, ಸೋಬಾನೆ ಪದ, ಆರತಿ ಹಾಡು, ಬೀಸುವಾಗ ಹೇಳುತ್ತಿದ್ದ ಪದ, ಮಗುವನ್ನು ಎರೆದು ಮಲಗಿಸುವಾಗಿನ ಜೋಗುಳ. ಇವುಗಳಲ್ಲಿ ಎಷ್ಟೋ ಯಾವ ಆ್ಯಪ್‌ನಲ್ಲೂ ಇಲ್ಲ. ಊರಿಂದ ಊರಿಗೆ ಮಾತು ಬದಲು, ಮನೆಯಿಂದ ಮನೆಗೆ ಧಾಟಿ ಬದಲು. ನಿಮ್ಮ ಅಜ್ಜಿಯ ಧಾಟಿ ಅಜ್ಜಿಯ ಹತ್ತಿರ ಮಾತ್ರ ಇರುತ್ತದೆ.

ಇಲ್ಲಿ ಒಂದು ಹೋಲಿಕೆ ಮುಖ್ಯ. ವಾಟ್ಸಾಪ್‌ನ ಮೈಕ್ ಒತ್ತಿ ಹಾಡಿಸುವುದು ಸುಲಭ, ಆದರೆ ಅದು ಮಾತಿಗೆಂದು ಮಾಡಿದ್ದು. ಜಾಗ ಉಳಿಸಲು ದನಿಯನ್ನು ತುಂಬಾ ಕುಗ್ಗಿಸುತ್ತದೆ. ಮಾತು ಚೆನ್ನಾಗಿ ಕೇಳುತ್ತದೆ, ಹಾಡಿನ ಎಳೆತ ತೆಳುವಾಗುತ್ತದೆ. ಫೋನಿನಲ್ಲೇ ಇರುವ ರೆಕಾರ್ಡರ್ ಆ್ಯಪ್‌ನಲ್ಲಿ ಮುದ್ರಿಸಿ, ಆಮೇಲೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಮುದ್ರಿಸಿದ್ದು ಹಾಗೇ ಹೋಗುತ್ತದೆ. 2 ಜಿಬಿವರೆಗೆ ಕಳಿಸಬಹುದು, ನಮಗೆ ಅಷ್ಟೆಲ್ಲ ಬೇಕಿಲ್ಲ. ನಾಲ್ಕು ನಿಮಿಷದ ಹಾಡು 128 ಕೆಬಿಪಿಎಸ್‌ನಲ್ಲಿ 4 ಎಂಬಿ ಸುತ್ತಮುತ್ತ ಬರುತ್ತದೆ. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರಿನಲ್ಲೂ ಒಮ್ಮೆ ಇಳಿಸಿಕೊಂಡರೆ ಸಾಕು. ಆಮೇಲೆ ಅಡುಗೆಮನೆಯಲ್ಲಿ ನೆಟ್ ಇಲ್ಲದೆಯೂ ಕೇಳಬಹುದು.

ಮುದ್ರಿಸುವಾಗ ಫ್ಯಾನ್ ಆರಿಸಿ. ಫೋನನ್ನು ಸ್ಟೀಲ್ ಡಬ್ಬಿಯ ಮೇಲೆ ಇಡಬೇಡಿ, ಮಡಚಿದ ಟವೆಲ್ ಮೇಲೆ ಇಡಿ. ಶುರುವಿನಲ್ಲಿ ಹಾಡುವವರೇ ಹೆಸರು, ಊರು, ದಿನ, ಯಾವ ಸಂದರ್ಭದ ಹಾಡು ಎಂದು ಹೇಳಲಿ. ಫೈಲಿನ ಹೆಸರನ್ನು ಹಾಡಿನ ಮೊದಲ ಸಾಲಿನಿಂದಲೇ ಇಡಿ. ಮತ್ತೆ ದೊಡ್ಡ ಗ್ರೂಪಿಗೆ ಹಾಕುವ ಮುಂಚೆ ಅವರನ್ನು ಕೇಳಿ. ನಮ್ಮ ಅಮ್ಮನಿಗೆ ಮಕ್ಕಳು ಕೇಳಿದರೆ ಸಂತೋಷ, ಊರೆಲ್ಲ ಕೇಳುವುದು ಇಷ್ಟವಿಲ್ಲ.

ಸುದ್ದಿಗೆ: ಧ್ವನಿ ಸಂದೇಶ, ಬರಹ, ಫೋನು

ದಿನದ ಸಣ್ಣ ಸುದ್ದಿಗೆ ನನ್ನ ಆಯ್ಕೆ ಧ್ವನಿ ಸಂದೇಶ. ವಾಟ್ಸಾಪ್‌ನಲ್ಲಿ ಇದು 2013ರಿಂದ ಇದೆ. ಒಂದು ನಿಮಿಷದ್ದು ಅರ್ಧ ಎಂಬಿಯೂ ಆಗುವುದಿಲ್ಲ, ಕಡಿಮೆ ನೆಟ್‌ವರ್ಕ್‌ನಲ್ಲೂ ನುಸುಳಿಕೊಂಡು ಹೋಗುತ್ತದೆ. ಅದಕ್ಕಿಂತ ದೊಡ್ಡದು ಹಿಂದೆ ಕೇಳುವ ಸದ್ದು. ಅಮ್ಮ "ಎಂತ ವಿಶೇಷವಿಲ್ಲ" ಎಂದು ಹೇಳುವಾಗ ಹಿಂದೆ ಅಡಿಕೆ ಸುಲಿಯುವವರ ಮಾತು, ಹಂಚಿನ ಮೇಲೆ ಮಳೆ, ಕರುವಿನ ಕೂಗು. ಅಮ್ಮ ಹೇಳದ ಸುದ್ದಿಯೆಲ್ಲ ಅಲ್ಲೇ ಇರುತ್ತದೆ.

ಹಿರಿಯರಿಗೆ ಕಳಿಸುವಾಗ ಎರಡು ವಿಷಯ ನೆನಪಿರಲಿ. ಅವರು ಧ್ವನಿ ಸಂದೇಶವನ್ನು ಫೋನ್ ಕಿವಿಗಿಟ್ಟು ಕೇಳುತ್ತಾರೆ. ಕಿವಿಗೆ ಹಿಡಿದಾಗ ದನಿ ಮೇಲಿನ ಸಣ್ಣ ಸ್ಪೀಕರ್‌ನಿಂದ ಬರುತ್ತದೆ. ಮಾತಿಗೆ ಅದು ಚೆನ್ನ, ಹಾಡು ಮಾತ್ರ ಕೀರಲಾಗುತ್ತದೆ. ಅದಕ್ಕೇ ಧ್ವನಿ ಸಂದೇಶದೊಳಗೆ ಹಾಡು ನುಡಿಸಿ ಕಳಿಸಬೇಡಿ. ಇನ್ನೊಂದು, ಸಂದೇಶದ ಪಕ್ಕ 1.5, 2 ಎಂದು ವೇಗದ ಗುಂಡಿ ಇರುತ್ತದೆ. ಒಂದು ಸಲ ಅಮ್ಮ ಗಾಬರಿಯಿಂದ ಫೋನ್ ಮಾಡಿ, "ಯಾಕೆ ಮಗಾ, ಅಷ್ಟು ಆತುರದಲ್ಲಿ ಮಾತಾಡಿದ್ದೀಯ, ಎಲ್ಲಾ ಸರಿ ಇದೆಯಾ?" ಎಂದರು. ಕೈ ತಾಗಿ ವೇಗ ಎರಡರಷ್ಟಾಗಿತ್ತು. ಈಗ ಊರಿಗೆ ಹೋದಾಗೆಲ್ಲ ಆ ಗುಂಡಿ ಎಲ್ಲಿದೆ ಎಂದು ಮತ್ತೊಮ್ಮೆ ತೋರಿಸಿ ಬರುತ್ತೇನೆ.

ಎರಡು ನಿಮಿಷ ದಾಟಿಸಬೇಡಿ. ಮೊದಲ ಮಾತಿನಲ್ಲೇ ವಿಷಯ ಹೇಳಿ, "ಸುಮ್ನೆ ಮಾತಾಡಲು, ಅವಸರ ಏನಿಲ್ಲ" ಎಂದು. ಆಫೀಸಿನಲ್ಲಿರುವವರು ಇಡೀ ದಿನ ಏನೋ ಆಗಿದೆ ಎಂದು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ವಿಳಾಸ, ದಿನಾಂಕ, ರೈಲಿನ ಸಮಯ, ಮಾತ್ರೆಯ ಹೆಸರು, ಲೆಕ್ಕ, ಇವನ್ನು ಬರೆದೇ ಕಳಿಸಿ. ಮತ್ತೆ ಹುಡುಕುವಂತಿರಬೇಕು.

ಹೊರದೇಶದವರ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ನನಗೆ ರಾತ್ರಿ ಊಟವಾದಾಗ ಗೆಳತಿ ಮಗಳನ್ನು ಶಾಲೆಗೆ ಬಿಡುತ್ತಿರುತ್ತಾಳೆ. ಅವಳಿಗೆ ಧ್ವನಿ ಸಂದೇಶವೇ ಸರಿ, ಕಾರಿನಲ್ಲಿ ಕೇಳುತ್ತಾಳೆ. ದುಬೈ ನಮಗಿಂತ ಒಂದೂವರೆ ಗಂಟೆ ಮಾತ್ರ ಹಿಂದೆ. ಆದರೆ ಯುಎಇಯಲ್ಲಿ ವಾಟ್ಸಾಪ್ ಕರೆಗೆ ಬಹಳ ಕಾಲದಿಂದ ತಡೆ ಇದೆ, ಮೆಸೇಜು ಮತ್ತು ಧ್ವನಿ ಸಂದೇಶಕ್ಕೆ ಇಲ್ಲ. ಅಲ್ಲಿನವರು ಕರೆಗೆ ಬೋಟಿಮ್‌ನಂಥ ಬೇರೆ ಆ್ಯಪ್ ಇಟ್ಟುಕೊಳ್ಳುತ್ತಾರೆ. ತಂಗಿ ಯಾಕೆ ಹೃದಯದ ಗುರುತಿನಲ್ಲೇ ಮುಗಿಸುತ್ತಾಳೆ ಎಂದು ಕೇಳಿದೆ. ಲಿಂಕ್ ಬಂದಾಗ ಮೆಟ್ರೋದಲ್ಲಿ ನಿಂತಿರುತ್ತಾಳಂತೆ, ಆಮೇಲೆ ಮರೆತೇಹೋಗುತ್ತದಂತೆ. ಈಗ ಅವಳಿಗೆ ಹಾಡು ಕಳಿಸುವುದು ಶುಕ್ರವಾರ ರಾತ್ರಿ. ಮರುದಿನ ಅವಳಿಗೆ ರಜೆ, ನಿಧಾನವಾಗಿ ಕೇಳಿ ಉದ್ದ ಉತ್ತರ ಕಳಿಸುತ್ತಾಳೆ.

ಅಜ್ಜನ ವಯಸ್ಸಿನವರಿಗೆ ಒಂದು ಕಾಗದ ಬರೆಯಿರಿ. ಇನ್‌ಲ್ಯಾಂಡ್ ಲೆಟರ್ ಒಂದು ಕಾಫಿಯ ದುಡ್ಡಿಗಿಂತ ಅಗ್ಗ. ನಮ್ಮ ಅಜ್ಜ ಬಂದ ಕಾಗದವನ್ನು ಮೂರು ಸಲ ಓದಿ, ಪಂಚಾಂಗದ ನಡುವೆ ಇಡುತ್ತಿದ್ದರು.

ಗ್ರೂಪ್ ಮತ್ತು ಬ್ರಾಡ್‌ಕಾಸ್ಟ್

ಮನೆತನದ ದೊಡ್ಡ ಗ್ರೂಪಿನಲ್ಲಿ ಶುಭೋದಯದ ಚಿತ್ರಗಳ ಕೆಳಗೆ ನಿಜವಾದ ಸುದ್ದಿ ಹೂತುಹೋಗುತ್ತದೆ. ಮನೆ ಬದಲಾಯಿಸಿದ್ದು, ಹೊಸ ನಂಬರ್, ಪೂಜೆಯ ಕರೆ, ಇಂಥದ್ದಕ್ಕೆ ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಒಳ್ಳೆಯದು. 256 ಜನರವರೆಗೆ ಒಂದೇ ಸಲ ಹೋಗುತ್ತದೆ, ಆದರೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಮೆಸೇಜಾಗಿ ಕಾಣುತ್ತದೆ, ಉತ್ತರವೂ ನಿಮಗೆ ಮಾತ್ರ ಬರುತ್ತದೆ. ನಿಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಮುಟ್ಟುವುದಿಲ್ಲ, ಅಷ್ಟು ನೋಡಿಕೊಳ್ಳಿ. ದಿನದ ಮಾತಿಗೆ ನಾಲ್ಕೈದು ಜನರ ಸಣ್ಣ ಗ್ರೂಪೇ ಸಾಕು.

ಒಟ್ಟಿಗೆ ಕೇಳಬೇಕು ಅನಿಸಿದಾಗ

ವಿಡಿಯೋ ಕಾಲ್‌ನಲ್ಲಿ ಒಂದು ಫೋನಿನ ಹಾಡನ್ನು ಇನ್ನೊಂದರ ಮೈಕ್‌ಗೆ ಹಿಡಿದರೆ ಹಾಡು ಕಡಿದು ಕಡಿದು ಕೇಳುತ್ತದೆ. ಕರೆ ನಡೆಯುವಾಗ ಮಾತು ಬಿಟ್ಟು ಉಳಿದದ್ದನ್ನು ಗದ್ದಲ ಎಂದು ಆ್ಯಪ್ ತೆಗೆದುಹಾಕುತ್ತದೆ. ಸ್ಕ್ರೀನ್ ಶೇರ್ ಮಾಡಿ, ಅದರ ಜೊತೆ ಆಡಿಯೋವನ್ನೂ ಶೇರ್ ಮಾಡಿದರೆ ಪರವಾಗಿಲ್ಲ.

ನನಗೆ ಇದಕ್ಕಿಂತ ರೇಡಿಯೋ ಇಷ್ಟ. ಬೆಂಗಳೂರಿನಲ್ಲಿ ವಿವಿಧ ಭಾರತಿ 102.9ರಲ್ಲಿ, ಶಾಸ್ತ್ರೀಯ ಸಂಗೀತದ ಅಮೃತವರ್ಷಿಣಿ 100.1ರಲ್ಲಿ ಬರುತ್ತದೆ. ಆಕಾಶವಾಣಿಯ ಆ್ಯಪ್ ಇದ್ದರೆ ದುಬೈನಲ್ಲೂ ಕೇಳಬಹುದು. ಒಳ್ಳೆಯದೇನಾದರೂ ಬಂದರೆ ತಂಗಿಗೆ "ಈಗಲೇ ಹಾಕು" ಎಂದು ಎರಡು ಪದ ಬರೆಯುತ್ತೇನೆ. ಆ್ಯಪ್‌ನಲ್ಲಿ ಹಾಡು ಸ್ವಲ್ಪ ತಡವಾಗಿ ಬರುತ್ತದೆ. ನನಗೆ ಪಲ್ಲವಿ ಮುಗಿದಿರುತ್ತದೆ, ಅವಳಿಗೆ ಇನ್ನೂ ನಡೆಯುತ್ತಿರುತ್ತದೆ. ಯಾವ ಹಾಡು ಬರುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿರುವುದಿಲ್ಲ. ಕೇಳುವ ಸುಖ ಇರುವುದೇ ಅದರಲ್ಲಿ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು

ಅಮ್ಮನಿಗೆ ಲಿಂಕ್ ಒಂದನ್ನೇ ಕಳಿಸುವುದಿಲ್ಲ. ಮೊದಲು ಒಂದು ಧ್ವನಿ ಸಂದೇಶ, "ಅಮ್ಮಾ, ಕೆಳಗಿನ ನೀಲಿ ಅಕ್ಷರ ಒತ್ತಿದರೆ ನಮ್ಮ ಟೇಪಿನಲ್ಲಿದ್ದ ಹಾಡು ಬರುತ್ತದೆ, ಫೋನ್ ಕಿವಿಗಿಡಬೇಡ, ಮೇಜಿನ ಮೇಲಿಡು" ಎಂದು. ಅದರ ಕೆಳಗೆ ಯೂಟ್ಯೂಬ್ ಲಿಂಕ್. ಈಗ ಅವರು ಕೇಳುತ್ತಾರೆ, ಯಾವ ಕ್ಯಾಸೆಟ್ಟಿನ ಎಷ್ಟನೇ ಹಾಡು ಎಂದೂ ಹೇಳುತ್ತಾರೆ.

ಹೋದ ತಿಂಗಳು ಅವರೇ ಒಂದು ಫೈಲ್ ಕಳಿಸಿದರು. ಪಕ್ಕದ ಮನೆಯ ಹುಡುಗ ರೆಕಾರ್ಡರ್ ತೆರೆದು ಕೊಟ್ಟಿದ್ದ. ಹೆಸರು, ಊರು, ದಿನ ಎಲ್ಲ ಹೇಳಿ ಹಸೆಗೆ ಕರೆಯುವ ಹಾಡೊಂದನ್ನು ಶುರು ಮಾಡಿದ್ದರು. ಮೊದಲ ನುಡಿ ಮುಗಿದ ಮೇಲೆ ನಿಲ್ಲಿಸಿ, "ಮುಂದಿನದು ಮರೆತುಹೋಗಿದೆ, ನಿನ್ನ ತಂಗಿಗೆ ಗೊತ್ತಿರಬಹುದು, ಚಿಕ್ಕವಳಿದ್ದಾಗ ಅಜ್ಜಿ ಜೊತೆ ಹೇಳುತ್ತಿದ್ದಳು" ಎಂದರು. ನಾನದನ್ನು ಶುಕ್ರವಾರ ರಾತ್ರಿ ದುಬೈಗೆ ಕಳಿಸಿದೆ. ತಂಗಿ ಶನಿವಾರ ಎರಡು ಸಾಲು ಹಾಡಿ ಕಳಿಸಿದಳು, ಅಲ್ಲಿಂದ ಮುಂದೆ ಅವಳಿಗೂ ಬರಲಿಲ್ಲ. ಉಳಿದದ್ದು ಸಾಗರದ ಚಿಕ್ಕಮ್ಮನಿಗೆ ಗೊತ್ತಿದೆಯಂತೆ. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು. ದೀಪಾವಳಿಗೆ ಹೋಗುವಾಗ ನಾನೇ ಸಾಗರದಲ್ಲಿ ಇಳಿದು, ಮುದ್ರಿಸಿಕೊಂಡು, ಆಮೇಲೆ ಶಿರಸಿ ಬಸ್ ಹತ್ತುವುದು ಎಂದಾಗಿದೆ.